ಕಪ್ಪತಗುಡ್ಡಕ್ಕೆ ಹೋಗುವ ಮೊದಲು



“ಎಪ್ಪತ್ತು ಗಿರಿ ನೋಡೋದಕ್ಕಿಂತ ಕಪ್ಪತ್ತಗಿರಿ ನೋಡು” ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಆದರೆ ನಮ್ಮ ಏಳನೇ ತರಗತಿಯ 34 ಮಂದಿಯಲ್ಲಿ, ದಿನಾ ಶಾಲೆಯ ಕಿಟಕಿಯಿಂದ ಕಾಣುವ ಈ ಗುಡ್ಡವನ್ನು ಹತ್ತಿ ನೋಡಿದವರು ಬರೀ ಒಂಬತ್ತು ಜನ. ಅವರಲ್ಲಿ ಹುಡುಗಿಯರು ಇಬ್ಬರೇ. ಡಿಸೆಂಬರ್ ತಿಂಗಳಲ್ಲಿ ಎಲ್ಲರೂ ಕೂಡಿ ಹೋಗೋಣ, ಒಂದು ರಾತ್ರಿ ಇದ್ದು ಬರೋಣ ಎಂದು ನಾವು ಗುರುಗಳನ್ನು ಕೇಳಿದೆವು. ಅವರು ಇಲ್ಲ ಅನ್ನಲಿಲ್ಲ, ಹೂಂ ಅಂತನೂ ಅನ್ನಲಿಲ್ಲ. “ಹೆಂಗ ಹೋಗ್ತೀರಿ, ಎಲ್ಲಿ ಮಲಗ್ತೀರಿ, ಏನ್ ಕುಡೀತೀರಿ, ಎಲ್ಲಾ ಬರದು ಗ್ವಾಡಿಗೆ ಹಚ್ರಿ. ಪಾಲಕರೂ ಓದ್ಲಿ. ಆಮ್ಯಾಲ ನೋಡೂಣು” ಎಂದರು. “ಹುಡುಗ್ಯಾರನ್ನ ರಾತ್ರಿ ಕಳಸಾಂಗಿಲ್ಲ” ಎಂದು ಆಗಲೇ ಐದಾರು ಮನೆಗಳಲ್ಲಿ ಹೇಳಿದ್ದಾರೆ. ನಮ್ಮ ಮನೆಯೂ ಅದರಲ್ಲಿ ಒಂದು. ಹಂಗಾಗಿ ಕುರಿ ಕಾಯುವ ನಮ್ಮ ಸೋದರಮಾವನನ್ನು, ಆರೋಗ್ಯ ಕೇಂದ್ರದ ಸಿಸ್ಟರ್ ಅವರನ್ನು, ಅರಣ್ಯ ಇಲಾಖೆಯ ಒಬ್ಬ ಕಾವಲುಗಾರರನ್ನು, ನಮ್ಮ ವಿಜ್ಞಾನದ ಗುರುಗಳನ್ನು ಕೇಳಿ ತಿಳಿದುಕೊಂಡು ಇದನ್ನು ಬರೆದಿದ್ದೇನೆ.

ಮೊದಲು ಗುಡ್ಡ ಯಾರದು ಎಂಬ ಮಾತು. ಕಪ್ಪತಗುಡ್ಡವೆಂದರೆ ಒಂದೇ ಗುಡ್ಡವಲ್ಲ, ಗುಡ್ಡಗಳ ಸಾಲು. ಗದಗ ತಾಲೂಕಿನ ಬಿಂಕದಕಟ್ಟಿಯಿಂದ ಮುಂಡರಗಿ ತಾಲೂಕಿನ ಸಿಂಗಟಾಲೂರಿನವರೆಗೆ ಸುಮಾರು 63 ಕಿಲೋಮೀಟರ್ ಉದ್ದ. ಗದಗ, ಮುಂಡರಗಿ, ಶಿರಹಟ್ಟಿ ಮೂರೂ ತಾಲೂಕಿನವರು ಇದಕ್ಕೆ ನಮ್ಮ ಗುಡ್ಡ ಅಂತಾರೆ. ಹೊಟ್ಟೆಯಲ್ಲಿ ಕಬ್ಬಿಣದ ಅದಿರು, ಬಂಗಾರದ ಅದಿರು ಇರುವುದರಿಂದ ಗಣಿಯವರ ಕಣ್ಣು ಇದರ ಮೇಲೆ ಬಿದ್ದಿತ್ತು. 2015ರಲ್ಲಿ ಸರಕಾರ ಇದನ್ನು ಸಂರಕ್ಷಿತ ಪ್ರದೇಶ ಎಂದಿತು, 2016ರಲ್ಲಿ ಆ ಆದೇಶವನ್ನು ವಾಪಸ್ ತೆಗೆದುಕೊಂಡಿತು. ಗದಗಿನ ತೋಂಟದಾರ್ಯ ಮಠದ ಡಾ. ಸಿದ್ಧಲಿಂಗ ಸ್ವಾಮಿಗಳು ಮತ್ತು ಬಹಳ ಮಂದಿ ಹೋರಾಟ ಮಾಡಿದ ಮೇಲೆ 2017ರಲ್ಲಿ ಮತ್ತೆ ಸಂರಕ್ಷಿತ ಪ್ರದೇಶವಾಯಿತು. 2019ರಲ್ಲಿ 244 ಚದರ ಕಿಲೋಮೀಟರ್ ಜಾಗ ವನ್ಯಜೀವಿಧಾಮವಾಯಿತು. ಸ್ವಾಮಿಗಳು 2018ರಲ್ಲೇ ಲಿಂಗೈಕ್ಯರಾಗಿದ್ದರು, ಅವರು ಇದನ್ನು ನೋಡಲಿಲ್ಲ.

ವನ್ಯಜೀವಿಧಾಮ ಆದ ಮೇಲೆ ಕಾಯದೆ ಬೇರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯದೆಯ ಪ್ರಕಾರ ಒಳಗೆ ಹೋಗಲು ಅರಣ್ಯ ಇಲಾಖೆಯ ಪರವಾನಗಿ ಬೇಕು, ಒಳಗೆ ಬೆಂಕಿ ಹಚ್ಚುವ ಹಾಗಿಲ್ಲ, ಏನನ್ನೂ ಕಿತ್ತು ತರುವ ಹಾಗಿಲ್ಲ. ಆದ್ದರಿಂದ ನಮ್ಮ ಮೊದಲನೆಯ ಕೆಲಸ ಒಂದು ಅರ್ಜಿ. ಎಷ್ಟು ಮಂದಿ, ಯಾವ ದಿನ, ಯಾವ ದಾರಿ, ಎಷ್ಟು ಗಂಟೆಗೆ ಹತ್ತುವುದು, ಎಷ್ಟಕ್ಕೆ ಇಳಿಯುವುದು ಎಲ್ಲ ಬರೆದು ಕೊಡಬೇಕು. ಅದರ ಒಂದು ಪ್ರತಿ ಶಾಲೆಯಲ್ಲಿ, ಒಂದು ಪ್ರತಿ ಗುಡ್ಡದ ಬುಡದ ಊರಿನವರ ಕೈಯಲ್ಲಿ ಇರಬೇಕು. ಹೊತ್ತು ಮುಳುಗಿದರೂ ನಾವು ಬರದಿದ್ದರೆ ಎಲ್ಲಿ ಹುಡುಕಬೇಕು ಎಂಬುದು ಅವರಿಗೆ ಗೊತ್ತಿರುತ್ತದೆ. ಮಾವ ಹೇಳಿದ್ದೂ ಇದೇ: “ಕುರಿ ಹೊಡ್ಕೊಂಡು ಹೊಂಟಾವ ಯಾವ ದಿಕ್ಕಿಗೆ ಹೊಂಟೆ ಅಂತ ಹಟ್ಟ್ಯಾಗ ಹೇಳೇ ಹೋಗತಾನ.”

ನಮ್ಮ ತರಗತಿಯ ಹುಡುಗರ ಆಸೆ ಏನೆಂದರೆ ಗಾಳಿಗುಂಡಿ ಹತ್ತಿರ ಟೆಂಟ್ ಹಾಕಿ, ಬೆಂಕಿ ಹಚ್ಚಿ, ಸುತ್ತ ಕುಣಿಯುವುದು. ಅದು ಆಗುವುದಿಲ್ಲ. ಕಾಯದೆ ಬಿಡುವುದಿಲ್ಲ ಎಂಬುದು ಒಂದು ಕಾರಣ. ನನಗೆ ಅದಕ್ಕಿಂತ ದೊಡ್ಡ ಕಾರಣ ಬೇರೆ. ಗುಡ್ಡದಲ್ಲಿ ಚಿರತೆ, ತೋಳ, ಕತ್ತೆಕಿರುಬ, ಕಾಡಹಂದಿ ಇವೆ. ಚಿಗರಿ ಇವೆ, ನಾಲ್ಕು ಕೋಡಿನ ಕೊಂಡುಕುರಿ ಇದೆ. ಕತ್ತೆಕಿರುಬ, ಚಿರತೆ ಮುಂತಾದವು ಹೊಟ್ಟೆಗೆ ಹುಡುಕುವುದೂ ನೀರಿಗೆ ಬರುವುದೂ ಹೆಚ್ಚಾಗಿ ರಾತ್ರಿಯೇ. 38 ಮಂದಿ ದೀಪ ಹಚ್ಚಿ ಹಾಡು ಹಾಡುತ್ತ ಕೂತರೆ ಅವು ಆ ರಾತ್ರಿ ನೀರಿಗೆ ಬರುವುದಿಲ್ಲ. ಬಂದರೆ ನಮಗೆ ತೊಂದರೆ. ಹೇಗೆ ನೋಡಿದರೂ ರಾತ್ರಿ ಗುಡ್ಡದ ಮೇಲೆ ನಮಗೆ ಕೆಲಸ ಇಲ್ಲ. ಗುಡ್ಡದ ಬುಡದ ಊರಿನ ಶಾಲೆಯಲ್ಲಿ ಕೇಳಿಕೊಂಡು ಮಲಗುವುದು, ಬೆಳಕು ಹರಿದ ಮೇಲೆ ಹತ್ತುವುದು, ಮಧ್ಯಾಹ್ನ ಇಳಿಯುವುದು. ಇದು ನನ್ನ ಯೋಜನೆ. ನಮಗೆ ಹತ್ತಿರದ್ದು ಡೋಣಿಯ ಕಡೆಯ ದಾರಿ. ಶಿರಹಟ್ಟಿ ತಾಲೂಕಿನವರು ಕಡಕೋಳದ ಕಡೆಯಿಂದ ಹತ್ತುತ್ತಾರೆ.

ಶಾಲೆಯಲ್ಲಿ ಮಲಗಿದರೆ ಬಾಗಿಲು ಇದೆ, ನಲ್ಲಿ ಇದೆ, ಪಾಯಖಾನೆ ಇದೆ. ಹುಡುಗಿಯರಿಗೆ ಬೇರೆ ಕೋಣೆ, ಅಲ್ಲಿ ಇಬ್ಬರು ಅಕ್ಕೋರು. ಪಾಲಕರು ಇದನ್ನು ಎರಡು ಸಲ ಓದಬೇಕು ಎಂದು ವಿನಂತಿ.

ಅಂಗಳದಲ್ಲೇ ತಾಡಪತ್ರಿ ಕಟ್ಟಿ ಮಲಗಬೇಕು ಅನ್ನುವ ಹುಡುಗರಿಗೆ ಮಾವ ಹೇಳಿದ ಮಾತುಗಳಿವೆ. ಅವನು ವರ್ಷದಲ್ಲಿ ಎಂಟು ತಿಂಗಳು ಬಯಲಿನಲ್ಲೇ ಮಲಗುವವನು. ಪೇಟೆಯವರು ದುಡ್ಡು ಕೊಟ್ಟು ಕಲಿಯುವ ವಿದ್ಯೆ ಅವನಿಗೆ ಒಂದು ಕಂಬಳಿ, ಒಂದು ಬಡಿಗೆಯಲ್ಲೇ ಬಂದಿದೆ. ಹಳ್ಳದಲ್ಲಿ, ಹಳ್ಳದ ದಂಡೆಯಲ್ಲಿ ಮಲಗಬಾರದು. ಉಸುಕು ಮೆತ್ತಗೆ ಇರುತ್ತದೆ ಎಂದು ಆಸೆಯಾಗುತ್ತದೆ, ಆದರೆ ಗುಡ್ಡದ ಮೇಲೆ ಮಳೆಯಾದರೆ ಕೆಳಗೆ ಹನಿ ಬೀಳದಿದ್ದರೂ ಹಳ್ಳ ಬರುತ್ತದೆ. ಒಣಗಿದ ಕೊಂಬೆ ಇರುವ ಮರದ ಕೆಳಗೆ ಬೇಡ. ಹುತ್ತದ ಹತ್ತಿರ, ಕಲ್ಲು ಒಟ್ಟಿದ ಕಡೆ ಬೇಡ. ಬುತ್ತಿಯ ಗಂಟನ್ನು ತಲೆ ಕೆಳಗೆ ಇಟ್ಟುಕೊಂಡರೆ ಇಲಿ ಬರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಯಾರ ಹೊಲದಲ್ಲಿ ಇಳಿದರೂ ಮೊದಲು ಹೊಲದವರನ್ನು ಕೇಳಬೇಕು. ಬಿಡುವಾಗ ಮೂರು ಕಲ್ಲಿನ ಒಲೆಗೆ ನೀರು ಹಾಕಿ, ಬೂದಿಯೊಳಗೆ ಕೈ ಇಟ್ಟು ನೋಡಬೇಕು. ಕೈಗೆ ತಂಪು ಹತ್ತಿದರೆ ಮಾತ್ರ ಮುಂದೆ ಹೆಜ್ಜೆ.

ಈಗ ನೀರು. ಗುಡ್ಡದ ಮೇಲೆ ನೀರು ಸಿಗುತ್ತದೆ ಎಂದು ನಂಬಿ ಹೋಗಬಾರದು. ಡಿಸೆಂಬರಿನಲ್ಲಿ ಝರಿಗಳು ಬತ್ತುತ್ತ ಬಂದಿರುತ್ತವೆ, ಉಳಿದ ಗುಂಡಿಯ ನೀರು ಪ್ರಾಣಿಗಳದ್ದು. ಕಾಯಿಸದೆ ಕುಡಿದರೆ ವಾಂತಿ ಭೇದಿ ಆಗಬಹುದು. ಕಾಯಿಸಬೇಕೆಂದರೆ ಬೆಂಕಿ ಬೇಕು, ಬೆಂಕಿ ಹಚ್ಚುವ ಹಾಗಿಲ್ಲ. ಹಂಗಾಗಿ ಎಲ್ಲ ನೀರನ್ನೂ ಕೆಳಗಿನಿಂದಲೇ ಹೊರಬೇಕು. ಲೆಕ್ಕ ಮಾಡಿ ನೋಡಿದೆ. ಒಬ್ಬರಿಗೆ 3 ಲೀಟರ್ ಎಂದರೆ 34 ಮಕ್ಕಳು, 4 ದೊಡ್ಡವರು ಸೇರಿ 38 ಮಂದಿಗೆ 114 ಲೀಟರ್. ಒಂದು ಲೀಟರ್ ನೀರಿನ ತೂಕ ಒಂದು ಕಿಲೋ, ಅಂದರೆ 114 ಕಿಲೋ. ಕೊಡದ ಲೆಕ್ಕದಲ್ಲಿ ಏಳೆಂಟು ಕೊಡ! ಅದನ್ನು ಒಬ್ಬಿಬ್ಬರು ಹೊರಲಾರರು, ಅವರವರ ನೀರು ಅವರವರ ಹೆಗಲ ಮೇಲೆ. ನನ್ನ ತೂಕ 36 ಕಿಲೋ. 3 ಕಿಲೋ ನೀರು, ಅರ್ಧ ಕಿಲೋ ಬುತ್ತಿ ನನಗೆ ಭಾರವಲ್ಲ. ಮನೆಯಲ್ಲಿ ಇದಕ್ಕಿಂತ ದೊಡ್ಡ ಕೊಡ ಹೊತ್ತಿದ್ದೇನೆ, ಎಲ್ಲ ಹುಡುಗಿಯರೂ ಹೊತ್ತಿದ್ದಾರೆ. ಕುಡಿದಂತೆ ಚೀಲ ಹಗುರ ಆಗುತ್ತ ಹೋಗುತ್ತದೆ. ಆದರೆ ಅರ್ಧ ನೀರು ಮುಗಿದಾಗ ಅಲ್ಲಿಂದಲೇ ಹಿಂದಕ್ಕೆ ತಿರುಗಬೇಕು, ತುದಿ ಮುಟ್ಟಿರಲಿ ಬಿಡಲಿ.

ಬಾಯಾರಿದಾಗ ಮಾತ್ರವಲ್ಲ, ನಡುನಡುವೆ ಎರಡೆರಡು ಗುಟುಕು ಕುಡಿಯುತ್ತಿರಬೇಕು ಎಂದು ಸಿಸ್ಟರ್ ಹೇಳಿದರು. ತಲೆನೋವು ಬಂದರೆ, ಮೂತ್ರ ಬಹಳ ಹಳದಿಯಾದರೆ ನೀರು ಕಡಿಮೆಯಾಗಿದೆ ಎಂದು ಅರ್ಥ. ಒಂದು ಲೀಟರ್ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದ ಬಾಟಲಿ ನಾಲ್ಕಾದರೂ ಇರಲಿ.

ಬೆಂಕಿಯ ವಿಷಯ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ. ಬೇಸಿಗೆಯಲ್ಲಿ ರಾತ್ರಿ ಮಾಳಿಗೆಯ ಮೇಲೆ ಮಲಗಿದಾಗ ಗುಡ್ಡದ ಮೇಲೆ ಕೆಂಪಗೆ ಸಾಲು ದೀಪ ಹಚ್ಚಿದ ಹಾಗೆ ಬೆಂಕಿ ಹರಿಯುವುದನ್ನು ನಾವೆಲ್ಲ ನೋಡಿದ್ದೇವೆ. ಸಣ್ಣವರಿದ್ದಾಗ ಚೆಂದ ಅಂತಿದ್ದೆವು. ಆ ಹುಲ್ಲು ಮಳೆಗಾಲದಲ್ಲಿ ಎದೆಮಟ್ಟ ಬೆಳೆದು, ಡಿಸೆಂಬರಿನಿಂದ ಒಣಗಲು ಶುರುವಾಗುತ್ತದೆ. ಒಂದು ಬೀಡಿ ತುಂಡು ಸಾಕು. ಮೇಲೆ ಗಾಳಿ ಎಷ್ಟು ಎಂದು ಬೇರೆ ಹೇಳಬೇಕೆ? ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ಬೆಂಕಿ ಬಯಲಿನಲ್ಲಿ ಓಡುವುದಕ್ಕಿಂತ ಏರಿನಲ್ಲಿ ಬೇಗ ಓಡುತ್ತದೆ. ಯಾಕಂದರೆ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಇಡುತ್ತದೆ. ಆದ್ದರಿಂದ ಹೊಗೆ ಕಂಡರೆ ಮೇಲಕ್ಕೆ ಓಡಬಾರದು. ಗಾಳಿ ಬೀಸುವ ದಿಕ್ಕನ್ನು ಬಿಟ್ಟು ಪಕ್ಕಕ್ಕೆ ಸರಿದು ಕೆಳಗೆ ಇಳಿಯಬೇಕು. ಹುಲ್ಲಿಲ್ಲದ ಬಂಡೆ, ಇಲ್ಲವೆ ಆಗಲೇ ಸುಟ್ಟು ಆರಿದ ಜಾಗ ಸಿಕ್ಕರೆ ಒಳ್ಳೆಯದು.

ಹುಲ್ಲು ಸುಟ್ಟರೆ ನಮಗೇನು, ಮಳೆಗಾಲಕ್ಕೆ ಮತ್ತೆ ಬರುತ್ತದಲ್ಲ ಎಂದು ನನ್ನ ತಮ್ಮನೇ ಕೇಳಿದ. ಹುಲ್ಲು ಬರುತ್ತದೆ. ಆದರೆ ನೆಲದ ಮೇಲೆ ಗೂಡು ಕಟ್ಟುವ ಹಕ್ಕಿಯ ತತ್ತಿ, ಓಡಲಾರದ ಮರಿ, ಎರಡು ಮೂರು ವರ್ಷದ ಸಸಿ ಸುಟ್ಟು ಹೋದರೆ ಅವು ಬರುವುದಿಲ್ಲ. ಹುಲ್ಲಿಲ್ಲದ ಗುಡ್ಡದ ಮೇಲೆ ಮೊದಲ ದೊಡ್ಡ ಮಳೆ ಬಿದ್ದಾಗ ಮಣ್ಣು ತೊಳೆದು ಹಳ್ಳಕ್ಕೆ ಬರುತ್ತದೆ. ಡಂಬಳದ ಕೆರೆಗೆ ನೀರು ಬರುವುದು ಈ ಗುಡ್ಡದಿಂದ. ನೀರಿನ ಜೊತೆ ಮಣ್ಣು ಬಂದು ಕೂತಷ್ಟು ಕೆರೆಯಲ್ಲಿ ನೀರಿಗೆ ಜಾಗ ಕಡಿಮೆ.

ಅದಕ್ಕೇ ಗುಡ್ಡದ ಮೇಲೆ ಒಲೆ ಇಲ್ಲ, ಬೆಂಕಿಪೆಟ್ಟಿಗೆಯೂ ಇಲ್ಲ. ಊದುಬತ್ತಿ ಹಚ್ಚುವ ಭಕ್ತರು ಕೆಳಗಿನ ಗುಡಿಯಲ್ಲೇ ಹಚ್ಚಿ ಬರಲಿ. ಹಸಿವಿನ ಚಿಂತೆ ಬೇಡ, ನಮ್ಮ ಕಡೆಯ ಬುತ್ತಿಗೆ ಒಲೆಯ ಹಂಗಿಲ್ಲ. ಖಡಕ್ ರೊಟ್ಟಿ, ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಉಳ್ಳಾಗಡ್ಡಿ, ಬೆಲ್ಲ, ಹುರಿದ ಶೇಂಗಾ. ಎರಡು ದಿನ ಇಟ್ಟರೂ ಕೆಡುವುದಿಲ್ಲ. ಬಟ್ಟೆಯಲ್ಲಿ ಕಟ್ಟಿದರೆ ತಿಂದ ಮೇಲೆ ಉಳಿಯುವುದು ಬಟ್ಟೆ ಒಂದೇ. ಚಿಪ್ಸ್ ಪಾಕೀಟು ತರುವುದೇ ಬೇಡ ಎಂದು ನಾನು ಬರೆದರೆ ಹಿಂದಿನ ಬೆಂಚಿನವರು ಈ ಕಾಗದ ಹರಿಯುತ್ತಾರೆ ಎಂಬ ಭಯ ಇದೆ. ಆದರೂ ಬರೆದಿದ್ದೇನೆ. ಪ್ಲಾಸ್ಟಿಕ್ ಮಣ್ಣಾಗುವುದಿಲ್ಲ, ಉಪ್ಪಿನ ವಾಸನೆಗೆ ಪ್ರಾಣಿಗಳು ಅದನ್ನು ತಿಂದುಬಿಡುತ್ತವೆ. ಮೋಸಂಬಿ ಸಿಪ್ಪೆ, ಬಾಳೆಹಣ್ಣಿನ ಸಿಪ್ಪೆಯೂ ಚೀಲದಲ್ಲೇ ವಾಪಸ್ ಬರಬೇಕು. ಒಣ ಗುಡ್ಡದ ಮೇಲೆ ಅವು ಬೇಗ ಕೊಳೆಯುವುದಿಲ್ಲ.

ನಡೆಯುವ ಬಗ್ಗೆ: ಏರಿನಲ್ಲಿ ನಮ್ಮಂಥವರು ತಾಸಿಗೆ ಎರಡು ಕಿಲೋಮೀಟರ್ ನಡೆದರೆ ಹೆಚ್ಚು. ಸಾಲಿನ ಮುಂದೆ ದಾರಿ ಗೊತ್ತಿದ್ದವರು, ಕೊನೆಯಲ್ಲಿ ಒಬ್ಬ ಗುರುಗಳು. ಎಲ್ಲರಿಗಿಂತ ನಿಧಾನ ನಡೆಯುವವರು ಎರಡನೆಯ ಸ್ಥಾನದಲ್ಲಿ ಇರಬೇಕು, ಆಗ ಯಾರೂ ಹಿಂದೆ ಉಳಿಯುವುದಿಲ್ಲ. ಮುಂಜಾನೆ ಏಳಕ್ಕೆ ಹೊರಟರೆ ಹನ್ನೊಂದಕ್ಕೆ ಎಲ್ಲಿದ್ದರೂ ತಿರುಗಬೇಕು. ಇಳಿಯುವಾಗ ಕಾಲು ನಡುಗುತ್ತವೆ, ಜಾರಿ ಬೀಳುವುದು ಆಗಲೇ ಹೆಚ್ಚು. ಚಪ್ಪಲಿ ಬೇಡ, ಶಾಲೆಯಲ್ಲಿ ಕೊಟ್ಟ ಬೂಟು ಕಾಲುಚೀಲ ಹಾಕಿಕೊಂಡು ಬರಬೇಕು. ಅಡಿ ಸವೆದಿದ್ದರೆ ಅಣ್ಣನದೋ ಅಕ್ಕನದೋ ಕೇಳಿಕೊಳ್ಳಿ. ಕಾಲುದಾರಿ ಬಿಟ್ಟು ಅಡ್ಡ ಹಾದಿ ಹಿಡಿಯಬಾರದು. ದಾರಿ ತಪ್ಪುತ್ತದೆ ಅಷ್ಟೇ ಅಲ್ಲ, ಒಂದೊಂದು ಅಡ್ಡ ಹಾದಿಯೂ ಮಳೆಗಾಲದಲ್ಲಿ ಒಂದೊಂದು ಕೊರಕಲು ಆಗುತ್ತದೆ. ಯಾತ್ರೆಗೆ ಒಂದು ವಾರ ಮೊದಲು ಇಬ್ಬರು ಗುರುಗಳು ಈ ದಾರಿಯಲ್ಲಿ ಗಡಿಯಾರ ನೋಡುತ್ತ ಹೋಗಿ ಬರಬೇಕು. ಮೊಬೈಲಿಗೆ ಎಲ್ಲೆಲ್ಲಿ ಸಿಗ್ನಲ್ ಸಿಗುತ್ತದೆ ಎಂದು ಬರೆದುಕೊಂಡು ಬರಬೇಕು.

ಅಮ್ಮಂದಿರಿಗೆ ಎಲ್ಲಕ್ಕಿಂತ ಹೆಚ್ಚು ಭಯ ಹಾವಿನದು. ನಮ್ಮ ದೇಶದಲ್ಲಿ ಹೆಚ್ಚು ಮಂದಿಯನ್ನು ಕೊಲ್ಲುವ ಹಾವು ನಾಲ್ಕು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಆಸ್ಪತ್ರೆಯಲ್ಲಿ ಕೊಡುವ ಒಂದೇ ಇಂಜೆಕ್ಷನ್ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ, ಆದ್ದರಿಂದ ಕಚ್ಚಿದ ಹಾವನ್ನು ಹಿಡಿಯುತ್ತ ಹೊಡೆಯುತ್ತ ಹೊತ್ತು ಕಳೆಯಬಾರದು. ನಮ್ಮ ಓಣಿಯ ಒಬ್ಬ ಅಣ್ಣನಿಗೆ ಹೊಲದಲ್ಲಿ ಹಾವು ಕಚ್ಚಿದಾಗ ಮುಂಗೈಗೆ ಹಗ್ಗ ಬಿಗಿದು ಕಟ್ಟಿ, ಮಂತ್ರ ಹಾಕಿಸಿ, ಸಂಜೆ ಆಸ್ಪತ್ರೆಗೆ ಒಯ್ದರು. ಜೀವ ಉಳಿಯಿತು, ಎರಡು ಬೆರಳು ತೆಗೆದರು. ಈಗ ಅವನು ಎಡಗೈಯಲ್ಲಿ ಬರೆಯುತ್ತಾನೆ. ಸಿಸ್ಟರ್ ಹೇಳಿದ್ದು ಹೀಗೆ: ಹಗ್ಗ ಕಟ್ಟಬಾರದು, ಕೊಯ್ಯಬಾರದು, ಬಾಯಿಂದ ಹೀರಬಾರದು. ಕಚ್ಚಿದವರನ್ನು ಒಂದು ಹೆಜ್ಜೆಯೂ ನಡೆಸಬಾರದು. ಉಂಗುರ, ಬಳೆ, ಕಾಲುಚೈನು ತೆಗೆಯಬೇಕು, ಬಾವು ಬಂದರೆ ಅವು ಬಿಗಿಯುತ್ತವೆ. ಕೈಗೋ ಕಾಲಿಗೋ ಕೋಲು ಇಟ್ಟು ಅಲುಗಾಡದ ಹಾಗೆ ಸಡಿಲವಾಗಿ ಬಟ್ಟೆ ಸುತ್ತಿ, ಹೊತ್ತುಕೊಂಡು ಇಳಿಯಬೇಕು. 108ರ ಗಾಡಿ ಕಾಲುದಾರಿಗೆ ಬರುವುದಿಲ್ಲ. ಎರಡು ಉದ್ದ ಬಡಿಗೆ, ಒಂದು ಕಂಬಳಿ ಇದ್ದರೆ ಡೋಲಿ ಆಗುತ್ತದೆ. ಬಡಿಗೆ ಕಂಬಳಿ ಮಾವ ಕೊಡುತ್ತಾನೆ. ಡೋಲಿ ಹೊರುವುದನ್ನು ಶನಿವಾರ ಪಿ.ಟಿ. ಪಿರಿಯಡ್‌ನಲ್ಲಿ ಅಭ್ಯಾಸ ಮಾಡಬೇಕು, ಮಲಗುವುದಕ್ಕೆ ದಪ್ಪಗಿರುವವರೇ ಬೇಕು. ಹಾವಿನ ಇಂಜೆಕ್ಷನ್ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ ಎಂದು ಹೊರಡುವ ಹಿಂದಿನ ದಿನವೇ ಫೋನ್ ಮಾಡಿ ಕೇಳಿಕೊಳ್ಳಬೇಕು.

ಹಾವು ಕಚ್ಚದ ಹಾಗೆ ಇರುವುದು ಇದಕ್ಕಿಂತ ಸುಲಭ. ಬಡಿಗೆ ಬಡಿಯುತ್ತ ನಡೆದರೆ ನೆಲದ ನಡುಕ ತಿಳಿದು ಅದೇ ಸರಿದು ಹೋಗುತ್ತದೆ. ಕಾಣದ ಕಡೆ ಕೈ ಹಾಕಬಾರದು, ಕಲ್ಲು ಎತ್ತಬಾರದು, ಕೂರುವ ಮೊದಲು ನೋಡಿ ಕೂರಬೇಕು.

ಹೆಜ್ಜೇನು ಕಂಡರೆ ಮಾತು ಕೂಡ ಕಡಿಮೆ ಮಾಡಿ ದೂರದಿಂದ ಹೋಗುವುದು. ಸೆಂಟ್ ಹಾಕಿಕೊಂಡು ಬರಬಾರದು. ಕಲ್ಲು ಒಗೆಯುವ ಚಟ ಇರುವ ಇಬ್ಬರ ಹೆಸರು ನಾನು ಇಲ್ಲಿ ಬರೆದಿಲ್ಲ. ಯಾತ್ರೆ ಮುಂದಕ್ಕೆ ಹೋಗಿ ಏಪ್ರಿಲ್ ಆದರೆ ಸಿಡಿಲಿನ ಭಯವೂ ಸೇರುತ್ತದೆ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಬೇಕು. ಶಬ್ದ ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಬರುತ್ತದೆ. ಮೂವತ್ತು ಎಣಿಸುವುದರೊಳಗೆ ಕೇಳಿದರೆ ಸಿಡಿಲು ಹತ್ತೇ ಕಿಲೋಮೀಟರ್ ದೂರ, ಗುಡ್ಡದ ನೆತ್ತಿ ಬಿಟ್ಟು ಇಳಿಯಬೇಕು, ಒಂಟಿ ಮರದ ಕೆಳಗೆ ನಿಲ್ಲಬಾರದು.

ಹೊರಕಡೆಗೆ ಹೋಗುವುದನ್ನು ಬರೆಯಲು ನಾಚಿಕೆ, ಆದರೆ 38 ಮಂದಿ ಎಂದ ಮೇಲೆ ಬರೆಯದೆ ಆಗುವುದಿಲ್ಲ. ಹೊರಡುವ ಮೊದಲು ಕೆಳಗೇ ಮುಗಿಸಿಕೊಳ್ಳಬೇಕು. ಮೇಲೆ ಅವಸರವಾದರೆ ದಾರಿ ಮತ್ತು ನೀರಿನಿಂದ ನೂರು ಹೆಜ್ಜೆ ದೂರ, ಒಂದು ಗೇಣು ಆಳದ ಕುಣಿ, ಆಮೇಲೆ ಮಣ್ಣು. ಕುರ್ಪಿ ಎರಡು ಇರುತ್ತವೆ, ಒಂದು ಅಕ್ಕೋರ ಹತ್ತಿರ. ಒಬ್ಬರೇ ಹೋಗಬಾರದು, ಗೆಳತಿಯೊಬ್ಬಳು ಕೂಗಿದರೆ ಕೇಳುವಷ್ಟು ದೂರದಲ್ಲಿ ನಿಂತಿರಬೇಕು.

ನನಗೆ ನಿಜವಾಗಿ ಕಷ್ಟ ಅನ್ನಿಸಿದ್ದು ಏನನ್ನೂ ಕೀಳಬಾರದು ಎಂಬ ನಿಯಮ. ಕಪ್ಪತಗುಡ್ಡ ಎಂದರೆ ಔಷಧಿ ಗಿಡಗಳ ಗುಡ್ಡ. ನಮ್ಮ ಅಜ್ಜಿಗೆ ಸಕ್ಕರೆ ಕಾಯಿಲೆ, “ಮಧುನಾಶಿನಿ ತಪ್ಪಲಾ ತಗೊಂಡ್ ಬಾರವ್ವಾ” ಎಂದು ಈಗಲೇ ಹೇಳಿಟ್ಟಿದ್ದಾಳೆ. ಬರುವವರೆಲ್ಲ ಒಂದೊಂದು ಹಿಡಿ ತಂದರೆ ಬಳ್ಳಿಯಲ್ಲಿ ಏನು ಉಳಿಯುತ್ತದೆ? ಬೇರಿನ ಔಷಧಿಯಾದರೆ ಬೇರಿನ ಜೊತೆ ಗಿಡವೇ ಹೋಯಿತು. ಅಜ್ಜಿಗೆ ನಾನು ಆ ಎಲೆಯ ಚಿತ್ರ ಬರೆದು ತರುತ್ತೇನೆ, ಗುಳಿಗೆ ಆಸ್ಪತ್ರೆಯವರು ಕೊಡುತ್ತಾರೆ. ಚಿತ್ರ ಬರೆಯುವವರು ಪೆನ್ಸಿಲ್, ಹಳೇ ನೋಟಬುಕ್ ತನ್ನಿ. ಮುಂದಿನ ಗೋಡೆ ಪತ್ರಿಕೆಗೆ ಬೇಕಾಗುತ್ತದೆ.

ಇನ್ನು ಬೇಕಾದದ್ದು ಸೀಟಿ. ಮಂಜು ಮುಸುಕಿದಾಗ, ಗಾಳಿ ಬೀಸುವಾಗ ಕೂಗಿದ್ದು ಕೇಳುವುದಿಲ್ಲ, ಸೀಟಿ ಕೇಳುತ್ತದೆ. ಒಂದು ಊದಿದರೆ ನಿಲ್ಲಿರಿ, ಎರಡು ಊದಿದರೆ ಸೀಟಿಯ ಕಡೆ ಬನ್ನಿರಿ, ಮೂರು ಊದಿದರೆ ಅಪಾಯ. ದಾರಿ ತಪ್ಪಿದವರು ಅಲ್ಲೇ ಕೂತು ಮೂರು ಮೂರು ಸಲ ಊದುತ್ತಿರಬೇಕು, ತಿರುಗಾಡಬಾರದು. ಒಟ್ಟು ಎಂಟು ಬೇಕು. ಪಿ.ಟಿ. ಗುರುಗಳ ಹತ್ತಿರ ಎರಡು ಇವೆ. ಜಾತ್ರೆಯಲ್ಲಿ ಕೊಂಡ ಸೀಟಿ ಯಾರ ಮನೆಯಲ್ಲಿ ಇದೆಯೋ ಅವರು ಈ ಕಾಗದದ ಕೆಳಗೆ ಹೆಸರು ಬರೆಯಿರಿ. ಒಳಗಿನ ಗುಂಡು ಬಿದ್ದು ಹೋದದ್ದು ನಡೆಯುವುದಿಲ್ಲ.

— ಏಳನೇ ತರಗತಿಯ ವಿದ್ಯಾರ್ಥಿನಿ